ಅವರವರ ನಾಲಿಗೆಗೆ ಅವರವರ ಕಹಿ

ಬೆಳಗಿನ ಐದೂಮುಕ್ಕಾಲು. ರೈಲು ನಿಲ್ದಾಣದ ಎದುರಿಗಿರುವ ಮೂರು ಮಹಡಿಯ ಹಳೆಯ ಹೋಟೆಲಿನ ಹಿಂಬಾಗಿಲು ಅರ್ಧ ತೆರೆದಿದೆ. ಒಳಗಿನಿಂದ ಗರಗಸದ ಸದ್ದು. ಇಷ್ಟು ಹೊತ್ತಿಗೇ ಬಡಗಿ ಬಂದನೇ ಎಂದು ಇಣುಕಿದರೆ, ಐವತ್ತನಾಲ್ಕರ ಹೆಂಗಸೊಬ್ಬರು ರವಿಕೆಯ ತೋಳು ಮೇಲಕ್ಕೆ ಮಡಚಿಕೊಂಡು ಮಂಜುಗಡ್ಡೆಯ ದಿಮ್ಮಿಯೊಂದನ್ನು ಕೊಯ್ಯುತ್ತಿದ್ದಾರೆ. ದಿಮ್ಮಿ ಜಾರದಂತೆ ಕೆಳಗೆ ಮಡಚಿದ ಟವೆಲು. ಕೊಯ್ದ ಒಂದೊಂದು ತುಂಡನ್ನೂ ಬಲ್ಬಿಗೆ ಹಿಡಿದು ನೋಡುತ್ತಾರೆ. ಅದರ ಮೂಲಕ ಗೋಡೆಯ ಕ್ಯಾಲೆಂಡರಿನ ಅಂಕಿ ಓದುವಷ್ಟು ತಿಳಿಯಾಗಿದ್ದರೆ ಡಬ್ಬಿಗೆ. ಒಳಗೆ ಬಿಳಿ ಮಸುಕು ಕಂಡರೆ ಪಕ್ಕದ ಬಕೆಟ್ಟಿಗೆ.

"ನೀರು ಎಲ್ಲ ಕಡೆಯಿಂದ ಒಟ್ಟಿಗೆ ಹೆಪ್ಪುಗಟ್ಟಿದ್ರೆ ಗಾಳಿ ಒಳಗೇ ಸಿಕ್ಕಿಕೊಂಡು ಹಾಲು ಹಾಲಾಗುತ್ತೆ. ಅದಕ್ಕೇ ಪೆಟ್ಟಿಗೆ ಸುತ್ತ ಥರ್ಮಾಕೋಲ್ ಕಟ್ಟಿ, ಮೇಲ್ಗಡೆ ಮಾತ್ರ ತೆರೆದಿಡೋದು," ಎನ್ನುತ್ತಾರೆ ತಲೆಯೆತ್ತದೆ. "ಮಸುಕು ಗಡ್ಡೆ ಬೇಗ ಕರಗುತ್ತೆ. ಕರಗಿದ್ರೆ ನಾನು ತಲೆ ಕೆಡಿಸಿಕೊಂಡು ಹಾಕಿದ ಅಳತೆಯೆಲ್ಲ ನೀರುಪಾಲು."

ಇವರ ನಿಜವಾದ ಹೆಸರು ಹೋಟೆಲಿನ ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಹೋಟೆಲಿನ ಬಾರಿಗೆ ಬರುವವರಿಗೆಲ್ಲ ಇವರು ಕಹಿಯಕ್ಕ. ಮಾತಿನಲ್ಲಿ ಕಹಿಯಿದೆ ಎಂದು ಆ ಹೆಸರು ಬಂದದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ನೆಗ್ರೋನಿ ಎಂಬ ಹಳೆಯ ಪೇಯವನ್ನು ಕುಡಿಯುವವರ ನಾಲಿಗೆಗೆ ತಕ್ಕ ಹಾಗೆ ಬೆರೆಸಿ ಕೊಡುವುದು ಇವರ ಕಸುಬು. ಜಿನ್, ಕೆಂಪು ಬಣ್ಣದ ಕಹಿ ಮದ್ಯ, ಗಿಡಮೂಲಿಕೆ ಹಾಕಿದ ಸಿಹಿ ವೈನಾದ ವರ್ಮುತ್, ಇಷ್ಟೇ ಅದರ ಸಾಮಗ್ರಿ. ಮೂರೂ ಸಮಸಮ ಹಾಕಿ, ಮಂಜುಗಡ್ಡೆಯ ಮೇಲೆ ಸುರಿದು, ಚಮಚದಿಂದ ತಿರುವಿ, ಮೇಲೆ ಕಿತ್ತಳೆ ಸಿಪ್ಪೆಯೊಂದನ್ನು ಹಿಂಡಿದರೆ ಮುಗಿಯಿತು ಎನ್ನುತ್ತದೆ ಪುಸ್ತಕ.

"ಪುಸ್ತಕಕ್ಕೆ ನಾಲಿಗೆ ಎಲ್ಲಿದೆ?" ಎನ್ನುತ್ತಾರೆ ಕಹಿಯಕ್ಕ.

ಆರು ಗಂಟೆಗೆ ಕಿತ್ತಳೆಯ ಬುಟ್ಟಿ ಬರುತ್ತದೆ. ದಿನಕ್ಕೆ ಮೂವತ್ತು ಹಣ್ಣು. ಒಂದೊಂದನ್ನೂ ಕೈಯಲ್ಲಿ ಹೊರಳಿಸಿ, ಉಗುರಿನಿಂದ ಚೂರೇ ಚೂರು ಗೀರಿ ಮೂಸುತ್ತಾರೆ. ನಂತರ ಬಾಟಲಿಗಳ ತಪಾಸಣೆ. ಬೆಳಿಗ್ಗೆ ಮೂರು ತಾಸಿನ ಈ ಕೆಲಸ ಮುಗಿಸಿ ಮನೆಗೆ ಹೋಗಿ, ಅಡುಗೆ ಮಾಡಿ, ಒಂದು ನಿದ್ದೆ ತೆಗೆದು, ಮೂರೂವರೆಗೆ ಮತ್ತೆ ಹಾಜರು. ಐದಕ್ಕೆ ಬಾರು ತೆರೆಯುತ್ತದೆ, ಒಂಬತ್ತಕ್ಕೆ ಮುಚ್ಚುತ್ತದೆ. ಹದಿನಾರು ಕುರ್ಚಿ. ದಿನಕ್ಕೆ ಸುಮಾರು ನಲವತ್ತು ಲೋಟ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪು, ಅಂದರೆ ನೆಗ್ರೋನಿ. ಒಬ್ಬರಿಗೆ ಎರಡರ ಮೇಲೆ ಮೂರನೆಯದು ಇಲ್ಲ. ಯಾರಾದರೂ ವಾದಕ್ಕಿಳಿದರೆ, "ಮೂರನೇದು ನಿಮ್ಮ ನಾಲಿಗೆಗೆ ಗೊತ್ತಾಗಲ್ಲ. ಗೊತ್ತಾಗದೇ ಇರೋದಕ್ಕೆ ನಾನ್ಯಾಕೆ ಕಷ್ಟಪಡ್ಲಿ?" ಎಂದು ನೀರಿನ ಲೋಟ ಮುಂದೆ ತಳ್ಳುತ್ತಾರೆ.

ಹೊಸಬರು ಬಂದರೆ 'ಸ್ಟ್ರಾಂಗ್ ಬೇಕೋ, ಲೈಟ್ ಬೇಕೋ' ಎಂದು ಇವರು ಕೇಳುವುದೇ ಇಲ್ಲ. ನನ್ನನ್ನು ಕೇಳಿದ್ದು ಹೀಗೆ: "ಚಹಾ ಜಾಸ್ತಿ ಕುದ್ದು ಕಡುವಾದ್ರೆ ಚೆಲ್ತೀರೋ, ಕುಡೀತೀರೋ?"

"ಹಾಲು ಹಾಕಿಕೊಂಡು ಕುಡೀತೀನಿ."

"ಕಿತ್ತಳೆ ತೊಳೆ ಮೇಲಿನ ಬಿಳಿ ನಾರು?"

"ಒಂದೊಂದೂ ಬಿಡಿಸ್ತೀನಿ."

"ಪಾತ್ರೆ ತಳಕ್ಕೆ ಹತ್ತಿದ ಸೀಕಲು?"

"ಅದು ಮಾತ್ರ ಇಷ್ಟ. ಚಿಕ್ಕವನಿದ್ದಾಗ ಅಕ್ಕನ ಜೊತೆ ಜಗಳ ಆಡ್ತಿದ್ದೆ."

"ಹಾಗಿದ್ರೆ ಕಹಿ ಅಂದ್ರೆ ಆಗಲ್ಲ ಅನ್ನೋದು ಸುಳ್ಳು. ಹಸಿ ಕಹಿ ಆಗಲ್ಲ, ಸುಟ್ಟ ಕಹಿ ಆಗುತ್ತೆ," ಎಂದು ತೀರ್ಪು ಕೊಟ್ಟು, ಕೆಂಪು ಬಾಟಲಿಯನ್ನು ತುಸು ಹಿಂದೆ ಸರಿಸಿ, ವರ್ಮುತ್ ಒಂದು ಪಾಲು ಹೆಚ್ಚಿಸಿ, ಕಿತ್ತಳೆ ಸಿಪ್ಪೆಯನ್ನು ಬೆಂಕಿಕಡ್ಡಿಯ ಉರಿಗೆ ತಾಗಿಸಿ ಲೋಟದ ಮೇಲೆ ಹಿಂಡಿದರು. ಐವತ್ತು ವರ್ಷದಿಂದ ಕಹಿ ಎಂದರೆ ಮುಖ ಸಿಂಡರಿಸುತ್ತಿದ್ದ ನಾನು ಆ ಲೋಟವನ್ನು ಹನಿ ಬಿಡದೆ ಮುಗಿಸಿದೆ. ನನ್ನ ಬಗ್ಗೆ ನನಗೇ ಗೊತ್ತಿಲ್ಲದ ಒಂದು ಸಂಗತಿಯನ್ನು ಮೂರು ಪ್ರಶ್ನೆಯಲ್ಲಿ ಯಾರೋ ಹೇಳಿದಂತಾಗಿತ್ತು.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಇವರು ಈ ಹೋಟೆಲಿಗೆ ಸೇರಿದ್ದು ಲೋಟ ತೊಳೆಯಲು. ಗಂಡ ಸಿಟಿ ಬಸ್ಸಿನ ಡ್ರೈವರ್. ಒಬ್ಬರ ದುಡಿಮೆಯಲ್ಲಿ ಮನೆ ನಡೆಯುವುದು ಕಷ್ಟವಾಗಿತ್ತು. ಆಗ ಬಾರು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ಎಲ್ಲರೂ ಮೌನಿ ಯಜಮಾನರು ಎನ್ನುತ್ತಿದ್ದರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಸೀಸೆಗೂ ಅವರಿಗೂ ನಡುವೆ ಇನ್ನೊಬ್ಬರು ಬರುವಂತಿರಲಿಲ್ಲ.

"ನನ್ನ ಜಾಗ ತೊಟ್ಟಿ ಹತ್ರ. ಯಾರು ಏನು ಕುಡೀತಾರೆ ಕಾಣ್ತಿರ್ಲಿಲ್ಲ. ಏನು ಬಿಟ್ರು ಅನ್ನೋದು ಮಾತ್ರ ಕಾಣ್ತಿತ್ತು," ಎಂದು ನೆನೆಯುತ್ತಾರೆ. "ಬೇರೆ ಲೋಟ ಎಲ್ಲ ಖಾಲಿ ಬರ್ತಿದ್ವು. ಈ ಕೆಂಪು ಲೋಟ ಮಾತ್ರ ಅರ್ಧಂಬರ್ಧ. ದಿನಾ ಅಷ್ಟನ್ನ ಮೋರಿಗೆ ಸುರೀತಿದ್ದೆ. ಒಂದಿನ ಧೈರ್ಯ ಮಾಡಿ ಹೇಳ್ದೆ. ಯಜಮಾನ್ರು, 'ಮೂರೂ ಸಮ. ಅದು ಅದರ ಕಟ್ಟು. ಕುಡಿಯೋಕೆ ಬರದವರು ಬಿಡ್ತಾರೆ' ಅಂದ್ರು. ಅಷ್ಟಕ್ಕೇ ಅವರ ಆವತ್ತಿನ ಮಾತಿನ ಕೋಟಾ ಮುಗೀತು."

ಆರು ತಿಂಗಳ ಬಳಿಕ ಮೌನಿ ಯಜಮಾನರು ಮೆಟ್ಟಿಲಿನಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಚಮಚ ತಿರುವಲು ಆಗುತ್ತಿರಲಿಲ್ಲ. ಅವರು ಬಾಯಲ್ಲಿ ಹೇಳುವುದು, ಇವರು ಕೈಯಲ್ಲಿ ಮಾಡುವುದು ಎಂದಾಯಿತು. ಎರಡನೆಯ ಸಂಜೆ ಬಂದ ಗಿರಾಕಿಯೊಬ್ಬರು ಪ್ರತಿ ವಾರ ಅರ್ಧ ಲೋಟ ಬಿಟ್ಟುಹೋಗುವವರು. ಮುಖ ಗುರುತಿರಲಿಲ್ಲ, ಲೋಟದ ಗುರುತಿತ್ತು. ಅಂಚಿನಲ್ಲಿ ಹಲ್ಲಿನಿಂದ ಕಚ್ಚಿದ ಕಿತ್ತಳೆ ಸಿಪ್ಪೆ ಇರುತ್ತಿದ್ದದ್ದು ಅವರದ್ದೊಂದೇ. ಆ ಸಂಜೆ ಕಟ್ಟೆಯ ಮೇಲಿದ್ದ ಸಿಪ್ಪೆಯ ಚೂರೊಂದನ್ನು ಅವರು ಎತ್ತಿ ಕಚ್ಚಿದಾಗ ಆ ಲೋಟದವರು ಯಾರೆಂದು ತಿಳಿಯಿತು. "ಸಿಪ್ಪೆ ಕಚ್ಚಿ ತಿಂತಾರೆ ಅಂದ್ರೆ ಕಹಿ ಇವರಿಗೆ ಶತ್ರು ಅಲ್ಲ, ಸಿಹಿನೇ ಜಾಸ್ತಿಯಾಗ್ತಿದೆ ಅನ್ನಿಸ್ತು. ಯಜಮಾನ್ರು ಆ ಕಡೆ ತಿರುಗಿದಾಗ ವರ್ಮುತ್ ಅರ್ಧ ಮಾಡಿ, ಜಿನ್ ಜಾಸ್ತಿ ಹಾಕ್ಬಿಟ್ಟೆ."

ಲೋಟ ಖಾಲಿಯಾಗಿ ಬಂತು. ಮೌನಿ ಯಜಮಾನರು ಅದನ್ನು ಎತ್ತಿ, ತಿರುಗಿಸಿ, ತಳ ನೋಡಿದರು. ಇವರ ಮುಖ ನೋಡಿದರು. "ಇನ್ಮೇಲೆ ಕೆಂಪು ನಿಂದು" ಎಂದರು. ಕಹಿಯಕ್ಕನ ಜೀವನದಲ್ಲಿ ಸಿಕ್ಕ ಪ್ರಮಾಣಪತ್ರ ಅದೊಂದೇ.

ಬಾರಿನ ಹಿಂದೆ ಹೆಂಗಸು ನಿಲ್ಲುವುದನ್ನು ಜನ ಸುಲಭಕ್ಕೆ ಒಪ್ಪಲಿಲ್ಲ. "ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ಎದ್ದುಹೋದವರಿದ್ದರು. ಮನೆಯಲ್ಲಿ ಅತ್ತೆ ಹನ್ನೊಂದು ವರ್ಷ ನೆಂಟರಿಷ್ಟರ ಮುಂದೆ "ನಮ್ಮ ಸೊಸೆ ಹೋಟೆಲಲ್ಲಿ ಹಾಸಿಗೆ ಬಟ್ಟೆ ನೋಡಿಕೊಳ್ತಾಳೆ" ಎಂದೇ ಹೇಳಿದರು. "ಯಾರಾದ್ರೂ ಬಟ್ಟೆ ಕಲೆ ತೆಗೆಯೋದು ಹೇಗೆ ಅಂತ ಕೇಳ್ಬಿಡ್ತಾರೇನೋ ಅಂತ ನನಗೆ ಭಯ. ಅದಕ್ಕೇ ನಾಲ್ಕು ಉಪಾಯ ಕಲಿತಿಟ್ಟುಕೊಂಡಿದ್ದೆ," ಎಂದು ನಗುತ್ತಾರೆ. ಮಗಳನ್ನು ಓದಿಸಿ ಟೀಚರ್ ಮಾಡಿದ್ದು, ಎರಡು ಕೋಣೆಯ ಮನೆ ಮಾಡಿಕೊಂಡದ್ದು, ಎಲ್ಲ ಈ ಹದಿನಾರು ಕುರ್ಚಿಯ ಮುಂದೆ ನಿಂತೇ.

ನಾಲ್ಕು ವರ್ಷದ ಹಿಂದೆ, ಒಂದು ಚಳಿಗಾಲದಲ್ಲಿ, ಮೂರು ದಿನ ಜ್ವರ ಬಂದು ಹೋಯಿತು. ಆರನೆಯ ದಿನ ಕೆಲಸಕ್ಕೆ ಬಂದು ಕಿತ್ತಳೆ ಗೀರಿ ಮೂಗಿಗೆ ಹಿಡಿದರು. ಏನೂ ಇಲ್ಲ.

"ಹಣ್ಣು ಹಳೇದೇನೋ ಅಂತ ಇನ್ನೊಂದು ತಗೊಂಡೆ. ಸಿಪ್ಪೆ ಹಿಂಡಿದ್ರೆ ಎಣ್ಣೆ ಬೆರಳಿಗೆ ಹತ್ತಿದೆ, ಕಣ್ಣಿಗೆ ಹಾರಿ ಉರೀತಿದೆ. ವಾಸನೆ ಮಾತ್ರ ಇಲ್ಲ. ಗೋಡೆ ಮೂಸಿದ ಹಾಗೆ. ಬಾಟಲಿ ಒಂದೊಂದೇ ತೆಗೆದು ಮೂಸ್ದೆ. ಎಲ್ಲ ಗೋಡೆ. ನಾಲಿಗೆ ಮೇಲೆ ಹನಿ ಹಾಕ್ಕೊಂಡ್ರೆ ಕಹಿ ಅಂತ ಗೊತ್ತಾಗುತ್ತೆ, ಸಿಹಿ ಅಂತ ಗೊತ್ತಾಗುತ್ತೆ. ಯಾವ ಕಹಿ, ಯಾವ ಸಿಹಿ ಅಂತ ಗೊತ್ತಾಗಲ್ಲ. ಊರಲ್ಲಿರೋ ಎಲ್ಲರೂ ಇದಾರೆ, ಯಾರಿಗೂ ಮುಖ ಇಲ್ಲ. ಹಾಗೆ ಅನ್ನಿಸ್ತು."

ಯಾರಿಗೂ ಹೇಳಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಐದು ವಾರ ಮುಚ್ಚಿಟ್ಟುಕೊಂಡು ಕೆಲಸ ಮಾಡಿದರು. ಇನ್ನೂರಕ್ಕೂ ಹೆಚ್ಚು ಜನರ ಅಳತೆ ಬಾಯಿಪಾಠವಿತ್ತು. ಎದುರಿನ ಸಾಲಿನ ದರ್ಜಿಗೆ ಜಿನ್ ನಲವತ್ತೈದು, ಕಹಿ ಇಪ್ಪತ್ತು, ವರ್ಮುತ್ ಇಪ್ಪತ್ತೈದು ಮಿಲಿ. ಶನಿವಾರ ಬರುವ ಹಲ್ಲಿನ ಡಾಕ್ಟರಮ್ಮನಿಗೆ ಕಹಿಯೇ ನಲವತ್ತು, ಉಳಿದದ್ದು ನೆಪಕ್ಕೆ. ಅಂಕಿ ತಪ್ಪಲಿಲ್ಲ. ಆದರೆ ವರ್ಮುತ್ ವೈನಿನ ಜಾತಿ. ಬಾಟಲಿ ತೆರೆದ ಮೇಲೆ ದಿನಗಳೆದಂತೆ ಹುಳಿಗೆ ತಿರುಗುತ್ತದೆ. ಮೂಗಿದ್ದವರಿಗೆ ಅದು ಮುಚ್ಚಳ ತೆಗೆದ ಕೂಡಲೇ ತಿಳಿಯುತ್ತದೆ. ಇವರಿಗೆ ತಿಳಿಯಲಿಲ್ಲ.

ಹಲ್ಲಿನ ಡಾಕ್ಟರಮ್ಮ ಈಗ ಕೆಲಸದಿಂದ ನಿವೃತ್ತರು. ಎಪ್ಪತ್ತು ದಾಟಿದ್ದಾರೆ. ದನಿಗೆ ಮಾತ್ರ ಇನ್ನೂ ನಿವೃತ್ತಿಯಿಲ್ಲ. ಆ ಶನಿವಾರ ಒಂದು ಗುಟುಕು ಕುಡಿದವರೇ ಲೋಟ ಕೆಳಗಿಟ್ಟು, "ಇದು ಮೂರನೇ ವಾರ. ಮೊದಲ ವಾರ ನನ್ನ ಬಾಯಿ ಕೆಟ್ಟಿದೆ ಅಂದ್ಕೊಂಡೆ. ಈಗ ಗೊತ್ತಾಯ್ತು. ಎಲ್ಲಿ, ನಾಲಿಗೆ ಚಾಚು" ಎಂದರು.

"ಡಾಕ್ಟ್ರಮ್ಮ, ಜನ ಇದಾರೆ..."

"ನಲವತ್ತು ವರ್ಷ ಜನರ ಮುಂದೇ ಬಾಯಿ ತೆಗೆಸಿದೀನಿ. ಚಾಚು."

ಕಹಿಯಕ್ಕ ನಾಲಿಗೆ ಚಾಚಿದರು. ಜೊತೆಗೇ ಕಣ್ಣಲ್ಲಿ ನೀರೂ ಬಂತು. ಐದು ವಾರದ ಗುಟ್ಟು ಒಂದೇ ಉಸಿರಿಗೆ ಹೊರಬಿತ್ತು.

ಮನೆಯಲ್ಲೂ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗಂಡನಿಗೆ ಅನುಮಾನ ಬರಲಿಲ್ಲವೇ ಎಂದು ಅವರನ್ನೇ ಕೇಳಿದೆ. ತೆಳ್ಳಗಿನ, ಸಂಕೋಚದ ಮನುಷ್ಯ. "ಅಡುಗೆ ದಿನಾ ಸೀದಿರೋದು. ನನಗೆ ಸೀಕಲು ಇಷ್ಟ ಅಂತ ಪ್ರೀತಿಯಿಂದ ಮಾಡ್ತಿದ್ದಾಳೆ ಅಂದ್ಕೊಂಡು ತಿಂದೆ. ಒಂದು ತಿಂಗಳು ತಿಂದೆ, ಸಾರ್," ಎಂದು ನೆಲ ನೋಡಿದರು. ಪಕ್ಕದಲ್ಲಿದ್ದ ಹೆಂಡತಿ, "ಇವರಿಗೆ ಸೀಕಲು ಇಷ್ಟ ಅಂತ ನಾನೇ ಎಲ್ಲರ ಹತ್ರ ಹೇಳಿಕೊಂಡು ಓಡಾಡ್ತಿದ್ದೆ. ಇಷ್ಟ ಇಲ್ಲ ಅಂತ ಮೂವತ್ತು ವರ್ಷಕ್ಕೆ ಗೊತ್ತಾಯ್ತು" ಎಂದು ನಕ್ಕರು.

ಸೋಮವಾರ ಬೆಳಿಗ್ಗೆ ಬಾರಿನ ಬೀಗದ ಕೈಯನ್ನು ಹೋಟೆಲಿನ ಮಾಲಕಿಯ ಮೇಜಿನ ಮೇಲಿಟ್ಟರು. ಮೂಗಿಲ್ಲದವಳು ಇಲ್ಲಿ ನಿಲ್ಲುವುದು ಜನರಿಗೆ ಮೋಸ, ಮತ್ತೆ ಲೋಟ ತೊಳೆಯಲು ಹಾಕಿ ಎಂದರು. ಮಾಲಕಿ ಕನ್ನಡಕ ತೆಗೆದು ಹೇಳಿದ ಮಾತನ್ನು ಕಹಿಯಕ್ಕ ಇಂದಿಗೂ ಅದೇ ದನಿಯಲ್ಲಿ ಹೇಳಿ ತೋರಿಸುತ್ತಾರೆ: "ನನಗೆ ಹತ್ತು ವರ್ಷದಿಂದ ಎಡಗಿವಿ ಕೇಳಿಸಲ್ಲ. ಹೋಟೆಲ್ ಮುಚ್ಲಾ? ಬಲಗಡೆಯಿಂದ ಮಾತಾಡಿ ಅಂತ ಎಲ್ಲರಿಗೂ ಹೇಳಿದೀನಿ, ನಡೀತಿದೆ. ನಿನಗೂ ಯಾರಾದ್ರೂ ಮೂಗು ಕೊಡ್ತಾರೇನೋ ಕೇಳು."

ಕೇಳುವ ಕೆಲಸವನ್ನು ಹಲ್ಲಿನ ಡಾಕ್ಟರಮ್ಮನೇ ವಹಿಸಿಕೊಂಡರು. ಒಂದು ವಾರದಲ್ಲಿ ಹನ್ನೊಂದು ಜನ ಸಿದ್ಧರಾದರು. ದಿನಾ ನಾಲ್ಕು ಗಂಟೆಗೆ, ಬಾರು ತೆರೆಯುವ ಮುಂಚೆ, ಸರದಿಯಂತೆ ಒಬ್ಬರು ಬಂದು ಕುಳಿತು ಬಾಟಲಿ ಮೂಸುವುದು, ಹಣ್ಣು ಮೂಸುವುದು, ಬೆರೆಸಿದ್ದನ್ನು ಒಂದು ಚಮಚ ರುಚಿ ನೋಡಿ ಹೇಳುವುದು. ಒಂದು ಗಂಟೆಯ ಕೆಲಸ. ಹದಿನಾಲ್ಕು ತಿಂಗಳು ನಡೆಯಿತು. ದರ್ಜಿ ಮಂಗಳವಾರ ಅಂಗಡಿಗೆ ಅರ್ಧ ಬಾಗಿಲು ಎಳೆದು, ಕತ್ತಿನಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬರುತ್ತಿದ್ದರು.

"ಮೊದಲೆಲ್ಲ ನನ್ನ ಮೂಗು ಹೇಳಿದ್ದೇ ಸರಿ ಅನ್ನೋ ಜಂಬ ಇತ್ತು," ಎನ್ನುತ್ತಾರೆ ಕಹಿಯಕ್ಕ. "ಇವರು ಕೂತು ಹೇಳೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು. ಅದೇ ಕೆಂಪು ಬಾಟಲಿ. ಡಾಕ್ಟ್ರಮ್ಮನಿಗೆ ಲವಂಗದೆಣ್ಣೆ ವಾಸನೆ. ದರ್ಜಿಗೆ ಹೊಸ ಬಟ್ಟೆ ಗಂಜಿ. ಇನ್ನೊಬ್ರಿಗೆ ಅವರ ತಾಯಿ ಔಷಧಿ ಡಬ್ಬಿ. ಒಂದೇ ಬಾಟಲಿಗೆ ನಾಲ್ಕು ಜನರದ್ದು ನಾಲ್ಕು ಮಾತು. ನಾನು ಅದನ್ನೆಲ್ಲ ಬರ್ಕೊಂಡೆ. ಮೂಗಿದ್ದ ಇಪ್ಪತ್ತೇಳು ವರ್ಷದಲ್ಲಿ ತಿಳಿಯದೇ ಇದ್ದದ್ದು ಮೂಗಿಲ್ಲದ ಹದಿನಾಲ್ಕು ತಿಂಗಳಲ್ಲಿ ತಿಳೀತು."

ಆ ಹನ್ನೊಂದು ಜನರಲ್ಲಿ ಒಬ್ಬರು ನಿವೃತ್ತ ರೈಲು ಗಾರ್ಡು. ಲಿವರ್ ಕೆಟ್ಟು, ಒಂದು ಹನಿಯೂ ಮುಟ್ಟಕೂಡದೆಂದು ವೈದ್ಯರು ಕಟ್ಟುನಿಟ್ಟು ಮಾಡಿದ್ದರು. ಆದರೂ ತುದಿಯ ಕುರ್ಚಿಯಲ್ಲಿ ನೀರಿನ ಲೋಟ ಹಿಡಿದು ಕೂರುತ್ತಿದ್ದರು. "ನಾನು ಮನೇಲಿದ್ರೆ ಪ್ರತಿಯೊಂದಕ್ಕೂ ವಿಸಲ್ ಊದ್ತೀನಂತೆ. ಸಂಜೆ ಎರಡು ಗಂಟೆ ಹೊತ್ತು ಹೊರಗಿರಿ ಅಂತ ಹೆಂಡತಿ ಆರ್ಡರ್," ಎನ್ನುತ್ತಾರೆ ಅವರು. ಕುಡಿಯುವಂತಿಲ್ಲವಾದ್ದರಿಂದ ಅವರ ಮೂಗು ಎಲ್ಲರಿಗಿಂತ ಚುರುಕಾಗಿತ್ತು. ಹುಳಿಗೆ ತಿರುಗಿದ ವರ್ಮುತ್ತನ್ನು ಮೊಳದ ದೂರದಿಂದಲೇ ಹಿಡಿಯುತ್ತಿದ್ದರು.

"ಈ ಮನುಷ್ಯ ನನಗೋಸ್ಕರ ತಮ್ಮ ಸರದಿ ಬಂದಾಗೆಲ್ಲ ಮೂಸಿ ಮೂಸಿ ಕೆಳಗಿಡ್ತಾರೆ, ಬಾಯಿಗಿಡೋ ಹಾಗಿಲ್ಲ. ಅದು ನನ್ನ ಕಣ್ಣಲ್ಲಿ ನೋಡೋಕಾಗ್ತಿರ್ಲಿಲ್ಲ," ಎನ್ನುತ್ತಾರೆ ಕಹಿಯಕ್ಕ. ಒಂದು ಹನಿ ಮದ್ಯವಿಲ್ಲದೆ ಅದೇ ಪೇಯ ಮಾಡಿಕೊಡಬೇಕೆಂದು ಹಟ ಹಿಡಿದರು. ಕಹಿ ಬೇರಿನ ಕಷಾಯ, ಕಡು ಚಹಾ, ಕಪ್ಪು ದ್ರಾಕ್ಷಿಯ ರಸ, ಜಿನ್ನಿಗೆ ಪರಿಮಳ ಕೊಡುವ ಜುನಿಪರ್ ಕಾಯಿಯನ್ನು ಕುದಿಸಿದ ನೀರು. ಗಾರ್ಡಣ್ಣನ ಹೆಂಡತಿ ಸಾಮಗ್ರಿಯ ಪಟ್ಟಿಯನ್ನು ವೈದ್ಯರಿಗೇ ತೋರಿಸಿ ಒಪ್ಪಿಗೆ ತಂದರು. ಮಾಡುವವರಿಗೆ ಮೂಗಿಲ್ಲ, ಮೂಸುವವರಿಗೆ ಹಳೆಯ ರುಚಿಯ ನೆನಪು ಬಿಟ್ಟು ಬೇರೇನಿಲ್ಲ. "ಚಹಾ ಮುಂದೆ ಬಂತು", "ದ್ರಾಕ್ಷಿ ಕೂಗ್ತಿದೆ", "ಈಗ ಬೇರು ಸೊರಗ್ತು" ಎಂದು ಅವರು ಹೇಳುವುದು, ಇವರು ಹನಿ ಹನಿಯಾಗಿ ತಿದ್ದುವುದು. ನಲವತ್ತು ಸಲ ಚೆಲ್ಲಿದರು.

ನಲವತ್ತೊಂದನೆಯ ಲೋಟವನ್ನು ಗಾರ್ಡಣ್ಣ ಮೂಸಿದರು. ಕುಡಿದರು. ಮತ್ತೊಮ್ಮೆ ಮೂಸಿದರು. ಕೆಟ್ಟಿತೇನೋ ಎಂದು ಕಹಿಯಕ್ಕ ಬಟ್ಟೆ ಹಿಡಿದುಕೊಂಡು ಕಟ್ಟೆ ಒರೆಸುತ್ತ ನಿಂತರು. ಕೊನೆಗೆ ಅವರು ಎಡಗೈ ಮೇಲಕ್ಕೆತ್ತಿ, ಬಾವುಟ ಬೀಸುವಂತೆ ಬೀಸಿ, "ಹಸಿರು ಅಕ್ಕಾ, ಹಸಿರು" ಎಂದರಂತೆ.

ಇತ್ತ ಮನೆಯಲ್ಲಿ ಬೇರೆ ಸಾಧನೆ ನಡೆದಿತ್ತು. ಕಿವಿ-ಮೂಗಿನ ವೈದ್ಯರು ಹೇಳಿದಂತೆ ನಾಲ್ಕು ಡಬ್ಬಿ: ಕಿತ್ತಳೆ ಸಿಪ್ಪೆ, ಲವಂಗ, ಕಾಫಿ ಪುಡಿ, ಸೋಪಿನ ಚೂರು. ಬೆಳಿಗ್ಗೆ, ರಾತ್ರಿ, ಕಣ್ಣು ಮುಚ್ಚಿ ಒಂದೊಂದನ್ನೂ ನೆನಪು ಮಾಡಿಕೊಳ್ಳುತ್ತ ಮೂಸಬೇಕು. ಒಬ್ಬಳೇ ಕೂತರೆ ಬೇಜಾರಾದೀತೆಂದು ಗಂಡನೂ ಜೊತೆಗೆ ಕೂತು ಮೂಸುತ್ತಿದ್ದರು. ಎಂಟು ತಿಂಗಳು ಏನೂ ಇಲ್ಲ. ಒಂಬತ್ತನೆಯ ತಿಂಗಳು ಒಂದು ಸಂಜೆ, ಡ್ಯೂಟಿ ಮುಗಿಸಿ ಬಂದ ಡ್ರೈವರ್ ಸಾಹೇಬರು ಬಾಗಿಲ ಬಳಿ ಬೂಟು ಬಿಚ್ಚಿದರು. ಆ ದಿನ ರಜೆಯಲ್ಲಿದ್ದ ಕಹಿಯಕ್ಕ ಅಡುಗೆಮನೆಯಿಂದಲೇ ಕೂಗಿದರು: "ರೀ, ಏನದು ನಾತ!"

"ಕಾಲುಚೀಲ ಕಣೇ..." ಎಂದವರು ಹಾಗೇ ನಿಂತುಬಿಟ್ಟರು. ಇವರೂ ಸೌಟು ಹಿಡಿದು ಹಾಗೇ ನಿಂತರು. ಆಮೇಲೆ ಇಬ್ಬರೂ ಬಾಗಿಲಲ್ಲೇ ಕೂತು ಅತ್ತರು, ನಕ್ಕರು. "ಆ ಕಾಲುಚೀಲ ತೊಳೆಯೋಕೆ ಎರಡು ದಿನ ಬಿಡಲಿಲ್ಲ ಇವಳು. ಮತ್ತೆ ಹೋಗ್ಬಿಟ್ರೆ ಅಂತ ಗಂಟೆಗೊಂದು ಸಲ ಹೋಗಿ ಮೂಸಿ ಬರೋಳು," ಎನ್ನುವಾಗ ಆ ಸಂಕೋಚದ ಮನುಷ್ಯನ ಮುಖ ಅರಳುತ್ತದೆ.

ಕಿತ್ತಳೆ ವಾಪಸು ಬರಲು ಇನ್ನೂ ಐದು ತಿಂಗಳು ಹಿಡಿಯಿತು. ಪೂರ್ತಿ ಬಂದಿಲ್ಲ. ಹತ್ತಕ್ಕೆ ಏಳರಷ್ಟು ಎಂದು ಅವರೇ ಲೆಕ್ಕ ಕೊಡುತ್ತಾರೆ. ಉಳಿದ ಮೂರಕ್ಕೆ ಈಗಲೂ ನಾಲ್ಕು ಗಂಟೆಗೆ ಯಾರಾದರೊಬ್ಬರು ಬರುತ್ತಾರೆ. ಸರದಿಯ ಪಟ್ಟಿ ಹರಿದುಹೋಗಿ ವರ್ಷಗಳಾದವು. ಬರುವವರು ಬರುತ್ತಾರೆ. ನಾನು ಹೋದ ದಿನ ದರ್ಜಿ ಬಂದಿದ್ದರು. ವರ್ಮುತ್ ಬಾಟಲಿಯನ್ನು ಮೂಗಿಗೆ ಹಿಡಿದು, "ಇದು ನಾಳೆವರೆಗೆ ಬರುತ್ತೆ. ನಾಡಿದ್ದು ಇಲ್ಲ," ಎಂದು ಹೇಳಿ, ಯಾವುದೋ ಮದುವೆ ಕೋಟಿಗೆ ಗುಂಡಿ ಹೊಲಿಯಲು ಅವಸರವಾಗಿ ಹೊರಟರು.

"ಇವರೆಲ್ಲ ಯಾಕೆ ಮಾಡಿದ್ರು ಅಂತ ಎಷ್ಟೋ ಸಲ ಯೋಚಿಸಿದೀನಿ," ಎನ್ನುತ್ತಾರೆ ಕಹಿಯಕ್ಕ, ಲೋಟಗಳನ್ನು ಒಂದೊಂದೇ ಬೆಳಕಿಗೆ ಹಿಡಿದು ಒರೆಸುತ್ತ. "ನಾನು ಕೊಟ್ಟಿದ್ದಕ್ಕೆ ಅವರು ದುಡ್ಡು ಕೊಟ್ಟಿದಾರೆ, ಅಲ್ಲಿಗೆ ಮುಗೀತು. ಬೇರೆ ಬಾರಿಗೆ ಹೋಗಬಹುದಿತ್ತು. ಡಾಕ್ಟ್ರಮ್ಮನನ್ನ ಕೇಳಿದ್ರೆ, 'ನನ್ನ ಕಹಿ ಎಷ್ಟು ಅಂತ ನನ್ನ ಗಂಡನಿಗೇ ಗೊತ್ತಿರಲಿಲ್ಲ, ನೀನು ಕೇಳಿದೆ' ಅಂದ್ರು. ಅಷ್ಟಕ್ಕೆ ಇಷ್ಟು ಮಾಡ್ತಾರಾ ಜನ? ಮಾಡ್ತಾರೆ, ನೋಡಿ. ನಾನು ಪುಣ್ಯ ಮಾಡಿದ್ದೆ."

ಐದಕ್ಕೆ ಹತ್ತು ನಿಮಿಷವಿದೆ. ಬಾಗಿಲಾಚೆ ಆಗಲೇ ಎರಡು ನೆರಳು ಓಡಾಡುತ್ತಿವೆ. ಕಹಿಯಕ್ಕನಿಗೆ ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿಯಂತೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ.

"ಒಂದಿದೆ. ಆ ಹನ್ನೊಂದು ಜನ ಯಾವತ್ತೂ ಒಂದೇ ದಿನ ಬಂದಿಲ್ಲ. ಒಬ್ರು ಬಂದ್ರೆ ಒಬ್ರಿಗೆ ಕೆಲಸ. ಒಂದೇ ಒಂದು ಸಲ ಎಲ್ಲರನ್ನೂ ಸಾಲಾಗಿ ಇಲ್ಲಿ ಕೂರಿಸಬೇಕು. ಯಾರೂ ಬಾಯಿ ಬಿಡಬಾರದು. ನಾನೂ ಏನೂ ಕೇಳಲ್ಲ. ಹನ್ನೊಂದು ಲೋಟ, ಹನ್ನೊಂದು ಥರ, ಮಾಡಿ ಅವರವರ ಮುಂದೆ ಇಡ್ತೀನಿ."

"ಒಬ್ಬರದ್ದು ಇನ್ನೊಬ್ಬರಿಗೆ ಹೋಗಿಬಿಟ್ಟರೆ?" ಎಂದು ತಮಾಷೆಗೆ ಕೇಳುತ್ತೇನೆ.

ಕಹಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಬಾಗಿಲ ಚಿಲಕ ತೆಗೆಯಲು ಹೊರಟವರು, ತಿರುಗಿ ನನ್ನನ್ನೇ ನೋಡುತ್ತಾರೆ. ಮುಖದಲ್ಲಿ ನಗುವಿಲ್ಲ.

"ಹೋಗಲ್ಲ," ಎನ್ನುತ್ತಾರೆ.